ಡ್ರಮ್ಮಿನ ಬಾಯಲ್ಲಿ ಹುಲ್ಲು ಏಕೆ ನಿಲ್ಲುತ್ತದೆ?

ಭತ್ತದ ಕಟಾವು ಮುಗಿದ ಬೆನ್ನಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಬಾರಿ ಕಂಬೈನ್ ಹಾರ್ವೆಸ್ಟರಿನ ಒಕ್ಕಣೆ ಭಾಗಕ್ಕೆ, ಅಂದರೆ ತೆನೆಯಿಂದ ಕಾಳು ಬಿಡಿಸುವ ಡ್ರಮ್ ಮತ್ತು ಅದರ ಕೆಳಗಿನ ಬಾಗಿದ ಜಾಲರಿಗೆ, ಸಂಬಂಧಿಸಿದವಾದ್ದರಿಂದ ಅಂಕಣದ ಇಡೀ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಮೊದಲ ಪ್ರಶ್ನೆಯಲ್ಲಿ ಹಲವು ಪತ್ರಗಳ ಸಾರ ಸೇರಿರುವುದರಿಂದ ಅದರ ಉತ್ತರ ದೀರ್ಘವಾಗಿದೆ.

ಪ್ರಶ್ನೆ: ನನ್ನ ಬಳಿ 14 ಅಡಿ ಕಟರ್ ಬಾರಿನ, ಗಾಲಿಯ ಮೇಲೆ ಓಡುವ, ಹಲ್ಲಿನ ಡ್ರಮ್ಮಿರುವ ಕಂಬೈನ್ ಇದೆ. ಸೋನಾ ಮಸೂರಿ ಕಟಾವಿನಲ್ಲಿ ಬೆಳಿಗ್ಗೆ ಹತ್ತು ಗಂಟೆಯವರೆಗೂ, ಬಿದ್ದ ಪೈರಿನಲ್ಲಿ ದಿನವಿಡೀ, ಡ್ರಮ್ ಪದೇ ಪದೇ ಜಾಮ್ ಆಗುತ್ತದೆ. ಊರಿನ ವರ್ಕ್‌ಶಾಪಿನವರು ಡ್ರಮ್ಮಿನ ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಕತ್ತರಿಸಿ, ಡ್ರಮ್ಮಿಗೆ ಚಿಕ್ಕ ಪುಲ್ಲಿ ಹಾಕಿ, ಜಾಲರಿಯನ್ನು ಪೂರ್ತಿ ಕೆಳಗಿಳಿಸಿದರೆ ಹುಲ್ಲು ಸಲೀಸಾಗಿ ಹೋಗುತ್ತದೆ ಎನ್ನುತ್ತಾರೆ. ಮಾಡಿಸಬಹುದೇ?
— ಓರ್ವ ಕಂಬೈನ್ ಮಾಲೀಕರು, ಕಾರಟಗಿ

ಉತ್ತರ: ಮಾನ್ಯರೇ, ಮೂರೂ ಸಲಹೆಗಳನ್ನು ಒಟ್ಟಿಗೆ ಜಾರಿಗೆ ತಂದರೆ ಜಾಮ್ ಬಹುಶಃ ಕಡಿಮೆಯಾಗುತ್ತದೆ, ಆದರೆ ಅದರ ಜೊತೆಗೆ ಒಕ್ಕದ ತೆನೆ ಹುಲ್ಲಿನೊಂದಿಗೆ ಹೊರಗೆ ಹೋಗಲು, ಟ್ಯಾಂಕಿನಲ್ಲಿ ನುಚ್ಚು ಹೆಚ್ಚಲು ಆರಂಭವಾಗುತ್ತದೆ, ಮತ್ತು ಯಾವ ಬದಲಾವಣೆಯಿಂದ ಏನಾಯಿತೆಂದು ಪತ್ತೆ ಹಚ್ಚುವ ದಾರಿಯೂ ಮುಚ್ಚಿಹೋಗುತ್ತದೆ. ಆದ್ದರಿಂದ ವೆಲ್ಡಿಂಗ್ ಯಂತ್ರವನ್ನು ಹತ್ತಿರ ತರುವ ಮೊದಲು ಒಂದು ಮಾತನ್ನು ಗಮನಿಸಬೇಕೆಂದು ಕೋರುತ್ತೇನೆ. ಡ್ರಮ್ಮಿನಲ್ಲಿ ಕಾಣಿಸುವ ತೊಂದರೆ ಹತ್ತರಲ್ಲಿ ಏಳೆಂಟು ಸಲ ಡ್ರಮ್ಮಿಗಿಂತ ಮುಂಚೆಯೇ ಹುಟ್ಟಿರುತ್ತದೆ. ಇದು ಲೆಕ್ಕ ಹಾಕಿ ಹೇಳಿದ ಅಂಕಿಯಲ್ಲ, ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ನಿಂತವನ ಅಂದಾಜು ಎಂದು ತಿಳಿಯಿರಿ.

ನಿಮ್ಮ ಯಂತ್ರ 14 ಅಡಿ ಅಗಲದ ಪೈರನ್ನು ಕತ್ತರಿಸಿ, ಆಗರ್ ಸ್ಕ್ರೂವಿನಿಂದ ನಡುವಿಗೆ ತಂದು, ಫೀಡರಿನ ಚೈನಿನ ಮೂಲಕ ಸುಮಾರು 4 ಅಡಿ ಅಗಲದ ಡ್ರಮ್ಮಿಗೆ ಉಣಿಸುತ್ತದೆ. ಮೂರೂವರೆ ಪಟ್ಟು ಕುಗ್ಗುವ ಈ ದಾರಿಯಲ್ಲಿ ಹುಲ್ಲು ತೆಳುವಾದ ಚಾಪೆಯಂತೆ ಸಮನಾಗಿ ಬಂದರೆ ಡ್ರಮ್ ಅದನ್ನು ಎಳೆದುಕೊಂಡು ಹೋಗುತ್ತದೆ. ಉಂಡೆಯಾಗಿ ಬಂದರೆ ಎಷ್ಟೇ ಬಲದ ಡ್ರಮ್ ಆದರೂ ಆ ಒಂದು ಕ್ಷಣದಲ್ಲಿ ವೇಗ ಕಳೆದುಕೊಳ್ಳುತ್ತದೆ. ವೇಗ ಕಳೆದುಕೊಂಡ ಡ್ರಮ್ಮಿನ ಕೆಳಗೆ ಚಾಪೆ ಇನ್ನಷ್ಟು ದಪ್ಪವಾಗುತ್ತದೆ. ದಪ್ಪವಾದ ಚಾಪೆ ಡ್ರಮ್ಮನ್ನು ಮತ್ತಷ್ಟು ತಡೆಯುತ್ತದೆ. ಇಡೀ ಪ್ರಸಂಗ ಎರಡು ಸೆಕೆಂಡುಗಳಲ್ಲಿ ಮುಗಿದು, ಬೆಲ್ಟು ಸುಟ್ಟ ವಾಸನೆ ಬರುವ ಹೊತ್ತಿಗೆ ಆಪರೇಟರಿಗೆ ಸುದ್ದಿ ತಲುಪುತ್ತದೆ.

ಮುಂದಿನ ಸಲ ಜಾಮ್ ಆದಾಗ ಹುಲ್ಲನ್ನು ಅವಸರದಲ್ಲಿ ಕಿತ್ತೆಸೆಯದೆ, ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು ಅದು ನಿಂತಿರುವ ಜಾಗವನ್ನು ನೋಡಿ. ಫೀಡರಿನ ಬಾಯಿ ಮುಗಿದು ಜಾಲರಿ ಆರಂಭವಾಗುವ ಕಡೆ ಹುಲ್ಲು ಗಿಡಿದಿದ್ದರೆ ಉಂಡೆಗಟ್ಟಿದ ಉಣಿಕೆ ಇಲ್ಲವೇ ಡ್ರಮ್ಮಿನ ಕಡಿಮೆ ವೇಗ ಕಾರಣ. ಡ್ರಮ್ ಮತ್ತು ಜಾಲರಿಯ ನಡುವೆ, ಹಿಂಬದಿಯಲ್ಲಿ ಗಟ್ಟಿಯಾಗಿದ್ದರೆ ಅಲ್ಲಿನ ಅಂತರ ಕಿರಿದಾಗಿದೆ, ಅಥವಾ ಡ್ರಮ್ಮಿನಿಂದ ಹೊರಬಂದ ಹುಲ್ಲನ್ನು ಸೆಳೆದೊಯ್ಯಬೇಕಾದ ಹಿಂದಿನ ಬೀಟರ್ ತನ್ನ ಕೆಲಸ ಮಾಡುತ್ತಿಲ್ಲ. ಹುಲ್ಲು ಡ್ರಮ್ಮಿನ ಒಂದೇ ತುದಿಯಲ್ಲಿ ಸುತ್ತಿಕೊಂಡಿದ್ದರೆ ಉಣಿಕೆ ಒಂದು ಪಕ್ಕಕ್ಕೆ ವಾಲಿದೆ. ಹುಲ್ಲು ಅಲ್ಲಾಡಿಸುವ ವಾಕರುಗಳ ಮೇಲೆ ರಾಶಿ ಬಿದ್ದು ಹಿಂದಕ್ಕೆ ಒತ್ತಿಕೊಂಡು ಬಂದಿದ್ದರೆ ಡ್ರಮ್ಮಿನದು ಏನೂ ತಪ್ಪಿಲ್ಲ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಹಲ್ಲು ಕತ್ತರಿಸುವುದು ನಾಲ್ಕರಲ್ಲಿ ಒಂದಕ್ಕೂ ಮೊದಲ ಮದ್ದಲ್ಲ.

ಬೆಳಿಗ್ಗೆ ಮತ್ತು ಬಿದ್ದ ಪೈರಿನಲ್ಲಿ ಹೆಚ್ಚು ಎಂದು ಬರೆದಿರುವುದರಿಂದ ನಿಮ್ಮದು ಮೊದಲನೆಯ ಬಗೆ ಎಂದು ಊಹಿಸುತ್ತೇನೆ. ಹಾಗಿದ್ದಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ನಿನ ವೇಗ. ಡೀಸೆಲ್ ಉಳಿಸುವ ಆಸೆಯಿಂದ ಆಕ್ಸಲರೇಟರನ್ನು ಸ್ವಲ್ಪ ಇಳಿಸಿ ಓಡಿಸುವ ಅಭ್ಯಾಸ ನಮ್ಮ ಕಡೆ ವ್ಯಾಪಕವಾಗಿದೆ. ಕಂಬೈನಿನಲ್ಲಿ ಡ್ರಮ್, ಫೀಡರ್, ಫ್ಯಾನು, ಜರಡಿ ಎಲ್ಲವೂ ಎಂಜಿನ್ನಿನಿಂದಲೇ ಬೆಲ್ಟಿನ ಮೂಲಕ ತಿರುಗುವುದರಿಂದ ಅದರ ವೇಗ ಶೇಕಡಾ 15 ಇಳಿದರೆ ಇವೆಲ್ಲವೂ ಶೇಕಡಾ 15 ಇಳಿಯುತ್ತವೆ. ಒಕ್ಕುವಾಗ ಎಂಜಿನ್ ಕಂಪನಿ ಹೇಳಿದ ಪೂರ್ಣ ವೇಗದಲ್ಲಿಯೇ ಇರಬೇಕು. ಹೊರೆ ಹೆಚ್ಚಾದರೆ ಯಂತ್ರದ ನಡಿಗೆಯನ್ನು ತಗ್ಗಿಸಬೇಕೇ ಹೊರತು ಆಕ್ಸಲರೇಟರನ್ನಲ್ಲ. ಅದಾದ ಮೇಲೆ ಡ್ರಮ್ಮಿನ ಬೆಲ್ಟು. ಪಕ್ಕದ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ, ಬಿಗಿ ಮಾಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ಬಳಿಕ ಫೀಡರಿಗೆ ಬನ್ನಿ. ಚೈನು ಹಿಗ್ಗಿ ಒಂದು ಪಕ್ಕ ಸಡಿಲವಾಗಿದ್ದರೆ ಅಡ್ಡಪಟ್ಟಿಗಳು ಓರೆಯಾಗಿ ಓಡಿ ಹುಲ್ಲನ್ನು ಒಂದು ಬದಿಗೆ ತಳ್ಳುತ್ತವೆ. ಪಟ್ಟಿ ಬಾಗಿದ್ದರೆ ಅಥವಾ ಅದರ ಅಂಚು ಸವೆದಿದ್ದರೆ ಒದ್ದೆ ಹುಲ್ಲು ಅದರ ಕೆಳಗೆ ಜಾರಿ ನಿಂತು, ರಾಶಿಯಾಗಿ, ಆಮೇಲೆ ಒಮ್ಮೆಗೇ ಒಳಗೆ ಹೋಗುತ್ತದೆ. ಆಗರಿನ ನಡುವೆ ಒಳಗೂ ಹೊರಗೂ ಆಡುವ ಬೆರಳುಗಳು ಸವೆದು ಗಿಡ್ಡವಾಗಿದ್ದರೂ ಇದೇ ಗತಿ. ಆಗರ್ ಗರಗರ ತಿರುಗುತ್ತಿದ್ದರೂ ಹುಲ್ಲು ಅದರೊಂದಿಗೇ ಸುತ್ತುತ್ತಿರುತ್ತದೆ. ಬಿಟ್ಟಾಗ ಉಂಡೆಯಾಗಿ ಬಿಡುತ್ತದೆ. ಇವೆಲ್ಲ ಬದಲಾಯಿಸಲು ಡ್ರಮ್ಮಿನ ಕೆಲಸಕ್ಕಿಂತ ಬಹಳ ಅಗ್ಗ, ಮತ್ತು ಹಾಳು ಮಾಡಿಕೊಳ್ಳುವ ಭಯವೂ ಇಲ್ಲ.

ನಿಜವಾಗಿ ಮಾರ್ಪಾಡು ಎನ್ನಬಹುದಾದ, ನಾನು ಧೈರ್ಯವಾಗಿ ಹೇಳಬಲ್ಲ ಮೊದಲ ಕೆಲಸ ಇರುವುದು ಫೀಡರಿನ ಮೇಲ್ತುದಿಗೂ ಜಾಲರಿಯ ಮುಂದಿನ ಅಂಚಿಗೂ ನಡುವಿನ ತಗಡಿನಲ್ಲಿ. ಹುಲ್ಲು ಚೈನಿನ ಹಿಡಿತದಿಂದ ಬಿಟ್ಟು ಡ್ರಮ್ಮಿನ ಹಿಡಿತಕ್ಕೆ ಸಿಗುವ ಮುನ್ನ ಯಾರ ಕೈಯಲ್ಲೂ ಇಲ್ಲದೆ ಜಾರಿ ಹೋಗಬೇಕಾದ ಗೇಣುದ್ದದ ಜಾಗ ಇದು. ಹಳೆಯ ಯಂತ್ರಗಳಲ್ಲಿ ಈ ತಗಡು ಸವೆದು ತೂತಾಗಿರುತ್ತದೆ, ಕಲ್ಲು ಬಡಿದು ತಗ್ಗಾಗಿರುತ್ತದೆ, ಅಥವಾ ಹಿಂದಿನ ಮಾಲೀಕರು ಹಾಕಿಸಿದ ತೇಪೆಯ ಅಂಚು ಅರ್ಧ ಇಂಚು ಮೆಟ್ಟಿಲಿನಂತೆ ಎದ್ದಿರುತ್ತದೆ. ಒಣಗಿದ ಹುಲ್ಲು ಆ ಮೆಟ್ಟಿಲನ್ನು ಹಾರಿಕೊಂಡು ಹೋಗುತ್ತದೆ. ಇಬ್ಬನಿ ಹಿಡಿದ ಹುಲ್ಲು ಅಲ್ಲಿ ಕೆಸರಿನೊಂದಿಗೆ ಅಂಟಿಕೊಂಡು, ಗೋಡೆ ಕಟ್ಟಿಕೊಂಡು ನಿಲ್ಲುತ್ತದೆ. ಬೆಳಿಗ್ಗೆ ಮಾತ್ರ ಜಾಮ್ ಆಗುವ ಯಂತ್ರಗಳಲ್ಲಿ ನಾನು ಮೊದಲು ಕೈಯಾಡಿಸುವುದು ಈ ಜಾಗಕ್ಕೇ. ಹಳೆಯ ತೇಪೆಗಳನ್ನು ತೆಗೆಸಿ, ಒಂದೇ ತುಂಡಿನ ತಗಡನ್ನು ಜಾಲರಿಯ ಅಂಚಿನ ಮಟ್ಟಕ್ಕೆ, ಸಾಧ್ಯವಾದರೆ ಕೂದಲೆಳೆಯಷ್ಟು ಮೇಲಕ್ಕೆ ಬರುವಂತೆ ಬಾಗಿಸಿ ಕೂರಿಸಿ. ಬೋಲ್ಟಿನ ತಲೆಗಳು ಹುಲ್ಲು ಹರಿಯುವ ಮೈಯಿಂದ ಎದ್ದಿರಬಾರದು. ವೆಲ್ಡಿಂಗ್ ಗೆರೆಗಳನ್ನು ಗ್ರೈಂಡರಿನಿಂದ ಉಜ್ಜಿ ನಯ ಮಾಡಿ, ಬಟ್ಟೆಯ ತುಂಡೊಂದನ್ನು ಹುಲ್ಲು ಹೋಗುವ ದಿಕ್ಕಿನಲ್ಲಿ ಎಳೆದು ನೋಡಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಹುಲ್ಲೂ ಸಿಕ್ಕಿಕೊಳ್ಳುತ್ತದೆ.

ಈಗ ಜಾಲರಿಯ ಅಂತರ. ಪೂರ್ತಿ ಕೆಳಗಿಳಿಸಿ ಎಂದು ಹೇಳಿದವರು ಅರ್ಧ ಸರಿ. ಹುಲ್ಲು ಒಳಬರುವ ಮುಂಬದಿಯಲ್ಲಿ ಅಂತರ ಹೆಚ್ಚಿರಬೇಕು, ಹೊರಹೋಗುವ ಹಿಂಬದಿಯಲ್ಲಿ ಕಡಿಮೆ ಇರಬೇಕು. ದಪ್ಪವಾಗಿ ಬಂದದ್ದು ಕಾಳು ಉದುರಿಸುತ್ತಾ ತೆಳುವಾಗಿ ಹೋಗುವುದರಿಂದ ಆ ಆಕಾರವೇ ಸಹಜ. ಎಷ್ಟೋ ಯಂತ್ರಗಳಲ್ಲಿ ಹೊಂದಾಣಿಕೆಯ ಬೋಲ್ಟುಗಳು ತುಕ್ಕು ಹಿಡಿದು, ಜಾಲರಿ ಮುಂದೆಯೂ ಹಿಂದೆಯೂ ಒಂದೇ ಅಂತರಕ್ಕೆ ಬಂದು ನಿಂತಿರುತ್ತದೆ, ಕೆಲವೊಮ್ಮೆ ಎಡಕ್ಕೂ ಬಲಕ್ಕೂ ವ್ಯತ್ಯಾಸವಿರುತ್ತದೆ. ಹಲ್ಲಿನ ಡ್ರಮ್ಮಿರುವ ಒಕ್ಕಣೆ ಯಂತ್ರಗಳಿಗೆ ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸುಮಾರು 25 ಮಿ.ಮೀ. ಅಂತರವನ್ನೂ ಸೆಕೆಂಡಿಗೆ 12ರಿಂದ 16 ಮೀಟರ್ ತುದಿವೇಗವನ್ನೂ (ಹಲ್ಲಿನ ತುದಿ ಓಡುವ ವೇಗ) ಸೂಚಿಸುತ್ತದೆ. ಹುಲ್ಲಿನ ರಾಶಿಯನ್ನು ನುಂಗಬೇಕಾದ ಕಂಬೈನುಗಳು ಸಾಮಾನ್ಯವಾಗಿ ಇದಕ್ಕಿಂತ ತುಸು ವೇಗವಾಗಿಯೇ ತಿರುಗುತ್ತವೆ. ನಿಮ್ಮ ಮಾದರಿಗೆ ನಿಗದಿಯಾದ ಸಂಖ್ಯೆ ಪುಸ್ತಿಕೆಯಲ್ಲಿರುತ್ತದೆ. ಪುಸ್ತಿಕೆ ಕಳೆದುಹೋಗಿದ್ದರೆ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳ ವರದಿಯಲ್ಲಿ ಡ್ರಮ್ಮಿನ ವ್ಯಾಸ, ವೇಗ, ಜಾಲರಿಯ ಅಂತರ ಎಲ್ಲವೂ ಅಚ್ಚಾಗಿರುತ್ತವೆ. ಅಂಥ ಒಂದು ಸಂಸ್ಥೆ ಬಳ್ಳಾರಿಗೆ ಸಮೀಪದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೇ ಇದೆ.

ತುದಿವೇಗದ ಲೆಕ್ಕ ಕಷ್ಟದ್ದಲ್ಲ. ಹಲ್ಲಿನ ತುದಿಯಿಂದ ತುದಿಗೆ ಡ್ರಮ್ಮಿನ ವ್ಯಾಸ 60 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಹಲ್ಲು 1.88 ಮೀಟರ್ ದೂರ ಹೋಗುತ್ತದೆ. ನಿಮಿಷಕ್ಕೆ 600 ಸುತ್ತು ಎಂದರೆ ಸೆಕೆಂಡಿಗೆ 10 ಸುತ್ತು, ಅಂದರೆ ಸುಮಾರು 19 ಮೀಟರ್. 800 ಸುತ್ತಿಗೆ ಏರಿಸಿದರೆ 25 ಮೀಟರ್ ದಾಟುತ್ತದೆ. ಚಿಕ್ಕ ಪುಲ್ಲಿಯ ಸಲಹೆ ಬರುವುದು ಇಲ್ಲಿಂದಲೇ. ವೇಗ ಹೆಚ್ಚಿದಷ್ಟೂ ಚಾಪೆ ತೆಳುವಾಗುತ್ತದೆ ಎಂಬುದು ನಿಜ. ಆದರೆ ಸೋನಾ ಮಸೂರಿಯಂಥ ಸಣ್ಣ, ತೆಳ್ಳನೆಯ ಕಾಳಿಗೆ ಆ ಹೊಡೆತ ತಾಗಿ ಸಿಪ್ಪೆಯೊಳಗೇ ಬಿರುಕು ಬಿಡುತ್ತದೆ. ಟ್ಯಾಂಕಿನಲ್ಲಿ ಚಂದವಾಗಿ ಕಂಡ ಭತ್ತ ಮಿಲ್ಲಿನಲ್ಲಿ ನುಚ್ಚಾಗುತ್ತದೆ, ನಷ್ಟ ರೈತನ ತಲೆಗೆ ಬೀಳುತ್ತದೆ, ಕಂಬೈನಿನ ಬಾಡಿಗೆ ಪಡೆದವರು ಅಷ್ಟರಲ್ಲಿ ಮುಂದಿನ ಊರಿನಲ್ಲಿರುತ್ತಾರೆ. ಇದಲ್ಲದೆ ಚಿಕ್ಕ ಪುಲ್ಲಿಯ ಮೇಲೆ ಬೆಲ್ಟು ಅಪ್ಪಿಕೊಳ್ಳುವ ಜಾಗವೂ ಕಡಿಮೆ, ಅದೇ ಎಳೆತಕ್ಕೆ ಡ್ರಮ್ಮಿಗೆ ಸಿಗುವ ತಿರುಗುಬಲವೂ ಕಡಿಮೆ. ಬಿದ್ದ ಪೈರಿನ ಉಂಡೆ ಬಂದ ಕ್ಷಣದಲ್ಲಿ ಬೇಕಾಗುವುದು ಆ ಬಲವೇ. ಹೀಗಾಗಿ ನಿಮ್ಮ ಡ್ರಮ್ ನಿಗದಿತ ವೇಗಕ್ಕಿಂತ ಕೆಳಗೆ ತಿರುಗುತ್ತಿದ್ದರೆ ಅದನ್ನು ನಿಗದಿತ ವೇಗಕ್ಕೆ ತನ್ನಿ, ಅದಕ್ಕಿಂತ ಮೇಲೆ ಬೇಡ. ಅಳೆಯಲು ಸುತ್ತು ಎಣಿಸುವ, ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ಸಾಕು.

ಹಲ್ಲು ಕತ್ತರಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಡ್ರಮ್ಮಿನ ಹಲ್ಲುಗಳನ್ನು ಸುಮ್ಮನೆ ಸಾಲಾಗಿ ನೆಟ್ಟಿರುವುದಿಲ್ಲ. ಪ್ರತಿಯೊಂದು ಹಲ್ಲೂ ಜಾಲರಿಯ ಎರಡು ಹಲ್ಲುಗಳ ನಡುವಿನ ಒಂದು ನಿರ್ದಿಷ್ಟ ಸಂದಿಯಲ್ಲಿ ಹಾದುಹೋಗುವಂತೆ, ಡ್ರಮ್ಮಿನ ಸುತ್ತ ಸುರುಳಿಯಾಗಿ ಹಂಚಲಾಗಿರುತ್ತದೆ. ಒಂದು ಬಿಟ್ಟು ಒಂದು ತೆಗೆದರೆ ಕೆಲವು ಸಂದಿಗಳಿಗೆ ಹೊಡೆತವೇ ಬೀಳದೆ ಆ ಗೆರೆಯ ಹುಲ್ಲು ಒಕ್ಕದೆ ಹೋಗುತ್ತದೆ. ಅಷ್ಟೇ ಅಲ್ಲ, ಸಮತೋಲವೂ ಕೆಡುತ್ತದೆ. ಡ್ರಮ್ಮಿನ ನಡುವಿನಿಂದ 30 ಸೆಂ.ಮೀ. ದೂರದಲ್ಲಿ ಬರೀ 100 ಗ್ರಾಂ ವ್ಯತ್ಯಾಸವಿದ್ದರೆ 600 ಸುತ್ತಿನಲ್ಲಿ ಸುಮಾರು 12 ಕಿಲೋ ತೂಕದಷ್ಟು ಬಲ ಸೆಕೆಂಡಿಗೆ ಹತ್ತು ಸಲ ಬೇರಿಂಗನ್ನು ಜಗ್ಗುತ್ತದೆ. 800 ಸುತ್ತಿನಲ್ಲಿ ಅದು 21 ಕಿಲೋ ಮೀರುತ್ತದೆ. ಸವೆದ ಹಲ್ಲಿಗೆ ವೆಲ್ಡಿಂಗ್ ರಾಡಿನಿಂದ ಲೋಹ ತುಂಬಿಸುವವರೂ ಇದನ್ನು ನೆನಪಿಡಬೇಕು. ಹೊಸ ಹಲ್ಲು ಹಾಕುವುದಾದರೆ ತೂಕ ನೋಡಿ, ಎದುರುಬದುರಾಗಿ ಜೋಡಿಯಲ್ಲೇ ಹಾಕಿ. ವಿಚಿತ್ರವೆಂದರೆ, ಸವೆದು ದುಂಡಗಾದ ಹಲ್ಲುಗಳೇ ಜಾಮಿಗೆ ಕಾರಣವಾಗುವುದುಂಟು. ಅವು ಹುಲ್ಲನ್ನು ಹಿಡಿಯದೆ ಅದರ ಮೇಲೆ ಜಾರುತ್ತವೆ, ಚಾಪೆ ನಿಂತಲ್ಲೇ ನಿಲ್ಲುತ್ತದೆ. ಅಂಥ ಡ್ರಮ್ಮಿಗೆ ಇನ್ನೂ ಹಲ್ಲು ಕಡಿಮೆ ಮಾಡುವುದು ಹಸಿದವನಿಗೆ ಉಪವಾಸ ಹೇಳಿದಂತೆ.

ಹುಲ್ಲಿಗೆ ದಾರಿ ಸಡಿಲ ಮಾಡಲೇಬೇಕೆಂದಿದ್ದರೆ ಡ್ರಮ್ಮನ್ನು ಮುಟ್ಟದೆ ಜಾಲರಿಯ ಕಡೆಯಿಂದ ಮಾಡಿ. ಜಾಲರಿಯ ಮೇಲೆ ಬೋಲ್ಟಿನಿಂದ ಕೂರಿಸಿದ ನಿಶ್ಚಲ ಹಲ್ಲುಗಳ ಪಟ್ಟಿಗಳಿರುತ್ತವೆ. ಅವುಗಳಲ್ಲಿ ಹುಲ್ಲು ಒಳಬರುವ ಕಡೆಯ ಮೊದಲ ಸಾಲನ್ನು ಮಾತ್ರ ಬಿಚ್ಚಿ ಒಂದು ದಿನ ಓಡಿಸಿ ನೋಡಬಹುದು. ಡ್ರಮ್ಮಿಗೆ ಹುಲ್ಲನ್ನು ಹಿಡಿದು ವೇಗಕ್ಕೆ ತರಲು ತುಸು ಜಾಗ ಸಿಗುತ್ತದೆ. ಹಿಂದಿನ ಸಾಲುಗಳು ಉಳಿದ ಕೆಲಸ ಮುಗಿಸುತ್ತವೆ. ಸರಿಬರದಿದ್ದರೆ ಅದೇ ಬೋಲ್ಟು, ಅದೇ ಸಾಲು, ಸಂಜೆಗೆ ವಾಪಸು. ಮರಳಿ ಹಿಂದಿನಂತೆ ಮಾಡಲು ಬರುವ ಮಾರ್ಪಾಡನ್ನೇ ಮೊದಲು ಮಾಡಬೇಕು ಎಂಬುದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಪ್ರತಿ ಬದಲಾವಣೆಯ ಮುಂಚೆಯೂ ಆಮೇಲೆಯೂ ನಷ್ಟವನ್ನು ಅಳೆಯಿರಿ. ಯಂತ್ರದ ಹಿಂದೆ ಒಂದು ಚದರ ಮೀಟರಿನ ಚೌಕಟ್ಟು ಇಟ್ಟು, ಹುಲ್ಲನ್ನು ಕೊಡವಿ ತೆಗೆದು, ಬಿದ್ದ ಕಾಳನ್ನು ಕೂಡಿಸಿ. ಗದ್ದೆಯ ಮೈತುಂಬ ಚದರ ಮೀಟರಿಗೆ 10 ಗ್ರಾಂ ಎಂದರೆ ಎಕರೆಗೆ 40 ಕಿಲೋ. ಸೋನಾ ಮಸೂರಿಯಲ್ಲಿ 10 ಗ್ರಾಮಿಗೆ ಆರೇಳು ನೂರು ಕಾಳು ಬರುತ್ತವೆ. ಆದರೆ 14 ಅಡಿಯ ಪೈರಿನ ಹುಲ್ಲು 4 ಅಡಿ ಸಾಲಿನಲ್ಲಿ ಬೀಳುವುದರಿಂದ ಅಲ್ಲಿ ಸಿಕ್ಕ ಕಾಳನ್ನು ಮೂರೂವರೆಯಿಂದ ಭಾಗಿಸಲು ಮರೆಯಬಾರದು, ಇಲ್ಲವಾದರೆ ಸುಮ್ಮನೆ ಗಾಬರಿಯಾಗುತ್ತೀರಿ. ಕಟರ್ ಬಾರಿನ ಬಳಿ ಉದುರಿದ್ದನ್ನು ಬೇರೆಯಾಗಿ ನೋಡಿ ಕಳೆಯಬೇಕು. ತೆನೆಗೆ ಅಂಟಿಕೊಂಡ ಕಾಳು ಸಿಕ್ಕರೆ ಒಕ್ಕಣೆ ಸಾಲದು. ಬಿಡಿ ಕಾಳು ಹುಲ್ಲಿನೊಳಗೆ ಸಿಕ್ಕರೆ ಒಕ್ಕಣೆ ಆಗಿದೆ, ಬೇರ್ಪಡಿಸಲು ವಾಕರುಗಳಿಗೆ ಹೊರೆ ಹೆಚ್ಚಾಗಿದೆ. ಡ್ರಮ್ಮಿನ ದಾರಿ ಸಡಿಲವಾದಾಗ ಆಪರೇಟರು ಯಂತ್ರವನ್ನು ಜೋರಾಗಿ ಓಡಿಸುತ್ತಾರೆ. ಆಗ ಜಾಮ್ ನಿಂತರೂ ಎರಡನೆಯ ಬಗೆಯ ನಷ್ಟ ಏರುವುದು ಇದೇ ಕಾರಣಕ್ಕೆ.

ಬಿದ್ದ ಪೈರಿನ ಬಗ್ಗೆ ಒಂದೇ ಮಾತು. ಪೈರು ಬಿದ್ದ ದಿಕ್ಕಿಗೆ ಎದುರಾಗಿ ಅಥವಾ ಓರೆಯಾಗಿ ಒಂದೇ ಕಡೆಯಿಂದ ಕೊಯ್ಯಿರಿ, ಪೈರನ್ನು ಕಟರ್ ಬಾರಿನ ಕಡೆಗೆ ಸೆಳೆಯುವ ರೀಲನ್ನು ಮುಂದಕ್ಕೂ ಕೆಳಕ್ಕೂ ತನ್ನಿ, ಪೂರ್ತಿ 14 ಅಡಿ ತುಂಬಿಕೊಳ್ಳುವ ಬದಲು ಒಂಬತ್ತು ಹತ್ತು ಅಡಿಗೆ ಸಮಾಧಾನಪಡಿ. ನಿಂತ ಪೈರಿನಲ್ಲಿ ನಾಲ್ಕು ಬೆರಳು ಎತ್ತರಿಸಿ ಕೊಯ್ದರೂ ಡ್ರಮ್ಮಿಗೆ ಹೋಗುವ ಹುಲ್ಲು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಡ್ರಮ್ಮಿಗೆ ಭಾರವಾಗುವುದು ಕಾಳಲ್ಲ, ಹುಲ್ಲು.

ಪ್ರಶ್ನೆ: ನಮ್ಮದು ಚೈನ್ ಗಾಲಿಯ, ಉದ್ದುದ್ದ ಡ್ರಮ್ಮಿನ ಕಂಬೈನ್. ಹುಲ್ಲು ಬೇಗ ಹೊರಹೋಗಲೆಂದು ಡ್ರಮ್ಮಿನ ಮೇಲಿನ ಮುಚ್ಚಳದ ಒಳಮೈಯಲ್ಲಿರುವ ಓರೆಪಟ್ಟಿಗಳನ್ನು ಬಿಚ್ಚಿಸಿ ಇನ್ನಷ್ಟು ಓರೆಯಾಗಿ ವೆಲ್ಡ್ ಮಾಡಿಸಿದೆವು. ಜಾಮ್ ನಿಂತಿತು, ಆದರೆ ಹಿಂದೆ ಗದ್ದೆಯಲ್ಲಿ ಮೊಳಕೆ ಹಸಿರಾಗಿ ಎದ್ದಿದೆ.
— ಶಿಕಾರಿಪುರ ತಾಲ್ಲೂಕಿನ ಸಹೋದರರು

ಉತ್ತರ: ಗದ್ದೆಯಲ್ಲಿ ಎದ್ದ ಹಸಿರು ನಿಮ್ಮ ನಷ್ಟದ ಲೆಕ್ಕಪತ್ರವೇ ಆಗಿದೆ. ನಿಮ್ಮ ಯಂತ್ರದಲ್ಲಿ ಹುಲ್ಲು ಡ್ರಮ್ಮಿನ ಒಂದು ತುದಿಯಿಂದ ಒಳಬಂದು, ಅದರ ಸುತ್ತ ಹಲವು ಸಲ ಸುತ್ತುತ್ತಾ, ತಿರುಪಿನಂತೆ ಮುಂದೆ ಸರಿದು ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಪ್ರತಿ ಸುತ್ತಿಗೆ ಎಷ್ಟು ಮುಂದೆ ಸರಿಯಬೇಕೆಂಬುದನ್ನು ನಿರ್ಧರಿಸುವುದು ಈ ಓರೆಪಟ್ಟಿಗಳೇ. ಓರೆ ಹೆಚ್ಚಿದರೆ ಸುತ್ತುಗಳು ಕಡಿಮೆಯಾಗಿ, ಹುಲ್ಲು ಕಡಿಮೆ ಪುಡಿಯಾಗಿ, ಎಂಜಿನ್ನಿಗೆ ಹೊರೆ ತಗ್ಗಿ, ಕಾಳು ಹುಲ್ಲಿನ ನಡುವೆಯೇ ಉಳಿದು ಹೊರಗೆ ಹೋಗುತ್ತದೆ. ಓರೆ ಕಡಿಮೆಯಾದರೆ ಕಾಳು ಚೆನ್ನಾಗಿ ಬೇರೆಯಾಗುತ್ತದೆ, ಆದರೆ ಹುಲ್ಲು ಪುಡಿಯಾಗಿ ಜರಡಿಯ ಮೇಲೆ ಬೀಳುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ.

ನೀವು ಎಲ್ಲ ಪಟ್ಟಿಗಳನ್ನೂ ತಿರುಗಿಸಿದ್ದು ಹೆಚ್ಚಾಯಿತು. ಜಾಮ್ ಆಗುವುದು ಒಳಬರುವ ತುದಿಯಲ್ಲಿ, ಕಾಳು ಬೇರ್ಪಡಿಸುವ ಕೊನೆಯ ಅವಕಾಶ ಇರುವುದು ಹೊರಹೋಗುವ ತುದಿಯಲ್ಲಿ. ಆದ್ದರಿಂದ ಮುಂದಿನ ಒಂದೆರಡು ಪಟ್ಟಿಗಳನ್ನು ಈಗಿರುವ ಓರೆಯಲ್ಲೇ ಬಿಟ್ಟು, ಉಳಿದವನ್ನು ಮೊದಲಿನ ಕೋನಕ್ಕೆ ಮರಳಿಸಿ. ಹಳೆಯ ಬೋಲ್ಟಿನ ರಂಧ್ರಗಳು ಇನ್ನೂ ಇದ್ದರೆ ಮೊದಲಿನ ಕೋನ ಅವುಗಳಿಂದಲೇ ತಿಳಿಯುತ್ತದೆ. ಈ ಸಲ ವೆಲ್ಡ್ ಮಾಡಿಸದೆ ಬೋಲ್ಟು ಹಾಕಿ, ಒಂದು ತುದಿಗೆ ಉದ್ದನೆಯ ರಂಧ್ರ ಕೊರೆಸಿದರೆ ಬೆಳೆಗೆ ತಕ್ಕಂತೆ ಸರಿಸಿಕೊಳ್ಳಬಹುದು. ಕೆಲವು ಮಾದರಿಗಳಲ್ಲಿ ಈ ಪಟ್ಟಿಗಳನ್ನು ಹೊರಗಿನಿಂದಲೇ ತಿರುಗಿಸುವ ಹಿಡಿ ಇರುತ್ತದೆ, ತುಕ್ಕು ಹಿಡಿದು ಯಾರ ಗಮನಕ್ಕೂ ಬಂದಿರುವುದಿಲ್ಲ. ನಿಮ್ಮದರಲ್ಲಿ ಇದೆಯೇ ನೋಡಿ. ಅದರ ಜೊತೆಗೆ ಡ್ರಮ್ಮಿನ ಮುಂತುದಿಯಲ್ಲಿ ಹುಲ್ಲನ್ನು ಒಳಗೆ ಸೆಳೆಯುವ ಸುರುಳಿ ತಗಡಿನ ಅಂಚನ್ನೂ ಪರೀಕ್ಷಿಸಿ. ಕೆಸರು ಗದ್ದೆಯ ಮಣ್ಣು ಅದನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿರುತ್ತದೆ. ನಿಮ್ಮ ಮೂಲ ತೊಂದರೆ ಅದೊಂದೇ ಆಗಿದ್ದಿರಲೂಬಹುದು.

ಪ್ರಶ್ನೆ: ಕಂಬೈನಿನಿಂದ ಬರುವ ಹುಲ್ಲು ಚೂರುಚೂರಾಗಿರುತ್ತದೆ, ಬಣವೆ ಹಾಕಲಾಗುವುದಿಲ್ಲ. ಡ್ರಮ್ಮಿನಲ್ಲಿ ಬದಲಾವಣೆ ಮಾಡಿ ಹುಲ್ಲು ಇಡಿಯಾಗಿ ಬರುವಂತೆ ಮಾಡಲಾಗದೇ?
— ಹೈನುಗಾರ ಮಹಿಳೆ, ಮದ್ದೂರು

ಉತ್ತರ: ಪೂರ್ತಿ ಇಡಿಯಾಗಿ ಬರುವಂತೆ ಮಾಡಲಾಗದು. ಇಡೀ ಪೈರನ್ನು ಡ್ರಮ್ಮಿನೊಳಗೆ ಹಾಯಿಸುವ ಯಂತ್ರ ಹುಲ್ಲನ್ನು ಮುರಿಯದೆ ಬಿಡುವುದಿಲ್ಲ. ಬುಡವನ್ನು ಹಿಡಿದುಕೊಂಡು ತೆನೆಯ ಭಾಗವನ್ನಷ್ಟೇ ಡ್ರಮ್ಮಿಗೆ ಒಡ್ಡುವ ಕಂಬೈನುಗಳು ಜಪಾನಿನಲ್ಲಿ ಬಹಳ ಹಿಂದಿನಿಂದಲೂ ಬಳಕೆಯಲ್ಲಿವೆ, ಆದರೆ ಅವುಗಳ ರಚನೆಯೇ ಬೇರೆ. ನಮ್ಮ ಯಂತ್ರವನ್ನು ತಿದ್ದಿ ಹಾಗೆ ಮಾಡಲು ಬರುವುದಿಲ್ಲ. ಆದರೂ ಬಾಡಿಗೆಗೆ ಕರೆಯುವಾಗ ಆಯ್ಕೆ ನಿಮ್ಮ ಕೈಯಲ್ಲಿದೆ. ಉದ್ದುದ್ದ ಡ್ರಮ್ಮಿನ ಯಂತ್ರಕ್ಕಿಂತ ಅಡ್ಡ ಡ್ರಮ್ಮು ಮತ್ತು ವಾಕರುಗಳಿರುವ ಯಂತ್ರ ಹುಲ್ಲನ್ನು ಕಡಿಮೆ ಪುಡಿ ಮಾಡುತ್ತದೆ. ಗದ್ದೆ ಒಣಗಿದ್ದು ಗಾಲಿ ಯಂತ್ರ ಇಳಿಯುವಂತಿದ್ದರೆ ಅದನ್ನೇ ಕರೆಯಿರಿ. ನಡು ಮಧ್ಯಾಹ್ನದ ಬಿಸಿಲಿಗಿಂತ ಹುಲ್ಲಿನಲ್ಲಿ ತುಸು ಮೆದುತನ ಇರುವ ಹೊತ್ತಿನಲ್ಲಿ ಕೊಯ್ಲಾದರೆ ಚೂರಾಗುವುದು ಕಡಿಮೆ. ಸಾಲಿನಲ್ಲಿ ಬಿದ್ದ ಹುಲ್ಲನ್ನು ಬೇಲರಿನಿಂದ ಕಟ್ಟಿಸಿಕೊಂಡರೆ ಬಣವೆಯ ಬದಲು ಅಟ್ಟಿ ಹಾಕಬಹುದು. ಹಸುಗಳು ಚೂರು ಹುಲ್ಲನ್ನು ತಿನ್ನುವುದಿಲ್ಲವೆಂಬ ದೂರನ್ನು ನಾನು ಹಸುಗಳಿಂದ ಇನ್ನೂ ಕೇಳಿಲ್ಲ.

ಪ್ರಶ್ನೆ: ಭತ್ತದ ಕಂಬೈನಿನಲ್ಲೇ ಕಡಲೆ ಕೊಯ್ಯಿಸಿದೆ, ಅರ್ಧಕ್ಕರ್ಧ ಬೇಳೆಯಾಗಿ ಬಂತು. ಎಂಜಿನ್ ವೇಗ ಇಳಿಸಿದಾಗ ಒಡೆಯುವುದು ನಿಂತಿತು, ಆದರೆ ಕಸ ವಿಪರೀತ.
— ರೈತರು, ರೋಣ

ಉತ್ತರ: ಮೇಲೆ ಕಾರಟಗಿಯವರಿಗೆ ಹೇಳಿದ್ದೇ ಇಲ್ಲಿ ತಿರುಗುಮುರುಗಾಗಿ ಅನ್ವಯಿಸುತ್ತದೆ. ಎಂಜಿನ್ನಿನ ವೇಗ ಇಳಿಸಿದಾಗ ಡ್ರಮ್ಮಿನ ಜೊತೆಗೆ ಫ್ಯಾನು ಮತ್ತು ಜರಡಿಯೂ ನಿಧಾನವಾಗಿ, ಹೊಟ್ಟು ಹಾರದೆ ಕಾಳಿನೊಂದಿಗೇ ಬಂದಿದೆ. ಎಂಜಿನ್ ಪೂರ್ಣ ವೇಗದಲ್ಲೇ ಇರಲಿ, ಡ್ರಮ್ಮನ್ನು ಮಾತ್ರ ನಿಧಾನಗೊಳಿಸಿ. ಇಲ್ಲಿ ಡ್ರಮ್ಮಿನ ಕಡೆಗೆ ದೊಡ್ಡ ಪುಲ್ಲಿ ಹಾಕುವುದು ಸರಿಯಾದ ಮಾರ್ಪಾಡು. ತುದಿವೇಗ ಸೆಕೆಂಡಿಗೆ 12 ಮೀಟರ್ ಆಸುಪಾಸಿನಿಂದ ಆರಂಭಿಸಿ, 60 ಸೆಂ.ಮೀ. ಡ್ರಮ್ಮಿನಲ್ಲಿ ಅದು ನಿಮಿಷಕ್ಕೆ 380 ಸುತ್ತು. ಜಾಲರಿಯ ನಿಶ್ಚಲ ಹಲ್ಲುಗಳಲ್ಲಿ ಒಂದೆರಡು ಸಾಲು ಬಿಚ್ಚಿ, ಅಂತರ ಹೆಚ್ಚಿಸಿ, ಒಡೆಯದೆ ಬರುವ ಮಟ್ಟವನ್ನು ನೋಡುತ್ತಾ ಹೊಂದಿಸಿಕೊಳ್ಳಿ. ಕಾಳಿನ ತೇವ ಶೇಕಡಾ 13ರಿಂದ 15ರ ನಡುವೆ ಇರುವಾಗ ಕೊಯ್ದರೆ ಒಳ್ಳೆಯದು. ಮಟಮಟ ಮಧ್ಯಾಹ್ನ ಗಿಲಕಿಯಂತೆ ಸದ್ದು ಮಾಡುವ ಕಡಲೆಯನ್ನು ಯಾವ ಡ್ರಮ್ಮೂ ಇಡಿಯಾಗಿ ಕೊಡುವುದಿಲ್ಲ. ಮುಂದಿನ ವರ್ಷಕ್ಕೆ ಜಿಬಿಎಂ-2ರಂಥ ನೆಟ್ಟಗೆ ಎತ್ತರ ಬೆಳೆಯುವ ತಳಿಯನ್ನು ಯೋಚಿಸಿ. ಕಾಯಿ ಮೇಲಿದ್ದರೆ ಕಟರ್ ಬಾರು ಎರೆಮಣ್ಣಿನ ಹೆಂಟೆಗಳನ್ನು ಡ್ರಮ್ಮಿಗೆ ಉಣಿಸುವುದಿಲ್ಲ.

ಪ್ರಶ್ನೆ: ಅಮೆರಿಕದ ರೈತರು ಕಂಬೈನಿನ ರೋಟರನ್ನೇ, ಅಂದರೆ ಒಕ್ಕುವ ಉದ್ದನೆಯ ಡ್ರಮ್ಮನ್ನೇ, ಕತ್ತರಿಸಿ ಮರುಜೋಡಿಸುವ ವಿಡಿಯೊಗಳನ್ನು ನೋಡಿದ್ದೇನೆ. ನಮ್ಮ ಯಂತ್ರಗಳಿಗೂ ಹಾಗೆ ಮಾಡಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ರಾಯಚೂರು

ಉತ್ತರ: ನೋಡಿ ಕಲಿಯಿರಿ, ನಕಲು ಮಾಡಬೇಡಿ. ಅಲ್ಲಿ ನ್ಯೂ ಹಾಲೆಂಡ್ 1975ರಲ್ಲಿ ಜೋಡಿ ರೋಟರಿನ ಯಂತ್ರವನ್ನೂ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1977ರಲ್ಲಿ ಒಂಟಿ ರೋಟರಿನ ಆಕ್ಸಿಯಲ್ ಫ್ಲೋ ಯಂತ್ರವನ್ನೂ ಮಾರುಕಟ್ಟೆಗೆ ತಂದ ಮೇಲೆ ರೈತರ ಮುಂದೆ ಹೊಸ ಪ್ರಶ್ನೆಯೊಂದು ಎದ್ದಿತು. ಫೀಡರಿನಿಂದ ನೇರವಾಗಿ ಬರುವ ಬೆಳೆಯನ್ನು ಸುತ್ತುವ ಚಲನೆಗೆ ತಿರುಗಿಸುವುದು ಹೇಗೆ ಎಂಬುದೇ ಅದು. ಇಂಟರ್‌ನ್ಯಾಷನಲ್ ಯಂತ್ರದ ರೋಟರಿನ ಮುಂತುದಿಯಲ್ಲಿ ಬೆಳೆಯನ್ನು ಒಳಗೆ ಸೆಳೆಯುವ ಅಗಲವಾದ ರೆಕ್ಕೆಗಳಿದ್ದವು, ಅಲ್ಲಿನವರು ಅವನ್ನು ಆನೆ ಕಿವಿ ಎಂದೇ ಕರೆಯುತ್ತಾರೆ. ಹಸಿ ದಂಟು ಬಂದಾಗ ರೋಟರು ಗುಡುಗಿದಂತೆ ಸದ್ದು ಮಾಡುತ್ತಿದ್ದುದು ಆ ತಿರುವಿನ ಜಾಗದಲ್ಲೇ. ರೈತರ ಪ್ರಯೋಗಗಳೂ ಕಂಪನಿಯ ಸುಧಾರಣೆಗಳೂ ಅದರ ಸುತ್ತಲೇ ನಡೆದವು. ಗ್ಲೀನರ್ ಎಂಬ ಇನ್ನೊಂದು ಬ್ರಾಂಡಿನ ಯಂತ್ರಗಳಲ್ಲಿ ರೋಟರು ಅಡ್ಡಲಾಗಿರುವುದರಿಂದ ಅವುಗಳ ಮಾಲೀಕರು ಒಳಗಿನ ಸುರುಳಿ ಪಟ್ಟಿಗಳನ್ನೂ ಬೆಳೆಯನ್ನು ಉಜ್ಜಿ ಕಾಳು ಬಿಡಿಸುವ ಪಟ್ಟಿಗಳ ದಿಕ್ಕನ್ನೂ ಬದಲಿಸಿ ನೋಡುತ್ತಾರೆ.

ಇದರಿಂದ ನೀವು ಗಮನಿಸಬೇಕಾದದ್ದು, ಅಲ್ಲಿಯೂ ತೊಂದರೆ ಇದ್ದುದು ಒಕ್ಕುವ ಜಾಗದಲ್ಲಲ್ಲ, ಒಕ್ಕುವ ಜಾಗಕ್ಕೆ ಬೆಳೆಯನ್ನು ಒಪ್ಪಿಸುವ ಜಾಗದಲ್ಲಿ. ಆದರೆ ಅವರ ಅಳತೆಗಳು ಒಣ ಗೋಧಿ, ಮೆಕ್ಕೆಜೋಳ, ಸೋಯಾಗಳದ್ದು. ಹಸಿರು ಹುಲ್ಲಿನ, ಕೆಸರು ಹತ್ತಿದ ಭತ್ತಕ್ಕೆ ಅವು ಹೊಂದುವುದಿಲ್ಲ. ರೋಟರು ಕತ್ತರಿಸಿದ ಮೇಲೆ ಅದನ್ನು ಯಂತ್ರದ ಮೇಲೆ ತಿರುಗಿಸಿ ಬ್ಯಾಲೆನ್ಸ್ ಮಾಡಿಸದೆ ಓಡಿಸುವಂತೆಯೇ ಇಲ್ಲ. ನಿಮ್ಮ ಊರಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜಿದೆ, ಅಲ್ಲಿನ ಅಧ್ಯಾಪಕರನ್ನು ಕಂಡು ಮಾತಾಡಿ.

ಪ್ರಶ್ನೆ: ಬಾಡಿಗೆ ಕೇಂದ್ರದಿಂದ ತಂದ ಕಂಬೈನಿನ ಜಾಲರಿಯನ್ನು ನಾವೇ ಹೊಂದಿಸಿಕೊಳ್ಳಬಹುದೇ?
— ಓದುಗರು, ಹರಿಹರ

ಉತ್ತರ: ಹಿಡಿ ಅಥವಾ ಹೊಂದಾಣಿಕೆಯ ಬೋಲ್ಟಿನಿಂದ ಆಗುವುದನ್ನು ಆಪರೇಟರಿಂದಲೇ ಮಾಡಿಸಿಕೊಳ್ಳಿ, ಅದು ನಿಮ್ಮ ಹಕ್ಕು. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಕೇಂದ್ರವಿರಲಿ, ಖಾಸಗಿ ಮಾಲೀಕರಿರಲಿ, ಯಂತ್ರ ನಿಮ್ಮದಲ್ಲದ ಮೇಲೆ ಬಿಚ್ಚುವುದು, ಕೊರೆಯುವುದು, ವೆಲ್ಡ್ ಮಾಡುವುದು ಸಲ್ಲದು. ಸ್ವಂತ ಹೊಸ ಯಂತ್ರದವರೂ ಗ್ಯಾರಂಟಿ ಅವಧಿ ಮುಗಿಯುವವರೆಗೆ ಕಾಯುವುದು ಮೇಲು.

ಪ್ರಶ್ನೆ: ಜಾಮ್ ಆದ ಹುಲ್ಲನ್ನು ತೆಗೆಯುವ ಸುರಕ್ಷಿತ ಕ್ರಮ ಯಾವುದು? ನಮ್ಮ ಹುಡುಗ ಬೆಲ್ಟು ಓಡುತ್ತಿರುವಾಗಲೇ ಕುಡುಗೋಲು ಹಾಕುತ್ತಾನೆ.
— ಕಂಬೈನ್ ಮಾಲೀಕರು, ಸಿರುಗುಪ್ಪ

ಉತ್ತರ: ಇಂದೇ ನಿಲ್ಲಿಸಿ. ಸಿಕ್ಕಿಕೊಂಡ ಹುಲ್ಲು ಸಡಿಲವಾದ ಕೂಡಲೇ, ಬಿಗಿದು ನಿಂತಿದ್ದ ಬೆಲ್ಟು ಡ್ರಮ್ಮನ್ನು ಒಮ್ಮೆಗೇ ತಿರುಗಿಸಿಬಿಡುತ್ತದೆ, ಕೈ ಹಿಂದೆಗೆಯಲು ಸಮಯ ಸಿಗುವುದಿಲ್ಲ. ಒಕ್ಕಣೆಯ ಕ್ಲಚ್ಚನ್ನು ಬಿಡಿಸಿ, ಮುಂದಿನ ಹೆಡ್ಡರನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕೆಲಸ ಮಾಡುವವನ ಜೇಬಿಗೇ ಹಾಕಿ. ಎಲ್ಲ ಚಕ್ರಗಳೂ ನಿಂತವೆಂದು ಕಣ್ಣಾರೆ ಕಂಡ ಮೇಲೆ ಜಾಲರಿಯನ್ನು ಪೂರ್ತಿ ಕೆಳಗಿಳಿಸಿ, ಉದ್ದನೆಯ ಕಬ್ಬಿಣದ ಸಲಾಕೆಯಿಂದ ಡ್ರಮ್ಮನ್ನು ಹಿಮ್ಮುಖವಾಗಿ ತಿರುಗಿಸಿ ಹುಲ್ಲನ್ನು ಫೀಡರಿನ ಕಡೆಗೇ ಹೊರತಳ್ಳಿ. ಉಳಿದದ್ದನ್ನು ಕೊಕ್ಕೆಯಿಂದ ಎಳೆಯಿರಿ, ಕೈಯಿಂದ ಬೇಡ. ತೆಗೆದ ಹುಲ್ಲನ್ನು ಸೈಲೆನ್ಸರಿನ ಬಳಿ ರಾಶಿ ಹಾಕಬೇಡಿ. ಜಾರಿ ಕಾದ ಬೆಲ್ಟಿಗೂ ಅಂಟಿಕೊಳ್ಳದಂತೆ ನೋಡಿಕೊಳ್ಳಿ. ಮುಚ್ಚಳಗಳೆಲ್ಲ ವಾಪಸು ಕೂತಿವೆಯೇ ಎಂದು ನೋಡಿ, ಯಂತ್ರದ ಸುತ್ತ ಯಾರೂ ಇಲ್ಲವೆಂದು ಕೂಗಿ ಖಚಿತಪಡಿಸಿಕೊಂಡು, ಜಾಲರಿಯನ್ನು ಮೊದಲಿನ ಗುರುತಿಗೆ ಏರಿಸಿದ ಮೇಲೆ ಮಾತ್ರ ಎಂಜಿನ್ ಚಾಲೂ ಮಾಡಿ. ಆ ಗುರುತನ್ನು ಪೇಂಟಿನಿಂದ ಮೊದಲೇ ಬರೆದಿಟ್ಟಿರಬೇಕು.